ಎರಡು ಸಲ ತಟ್ಟಿದರೆ

ಮೂರನೇ ಸಲ ಒತ್ತಿದರೂ ಪೆಟ್ಟಿಗೆಯ ಮುಚ್ಚಳ ಕೂರಲಿಲ್ಲ.

"ಭುಜ ಅಡ್ಡ ಬರ್ತಿದೆ ಅತ್ತಿಗೆ. ಅಳತೆ ಕೊಟ್ಟಿದ್ದು ಯಾರು?" ಎಂದು ಫೈಟ್ ಮಾಸ್ಟರ್ ಬೆವರು ಒರೆಸಿಕೊಂಡ.

"ನಾನೇ. ಎತ್ತರ ಕೇಳಿದ್ರು, ಹೇಳ್ದೆ. ಅಗಲ ಯಾರೂ ಕೇಳ್ಲಿಲ್ಲ," ಎಂದಳು ಸತ್ತವನ ಹೆಂಡತಿ. "ಒಂದು ಭುಜ ಓರೆ ಮಾಡಿ. ನಮ್ಮನೆ ಬಚ್ಚಲಿನ ಬಾಗಿಲಲ್ಲೂ ಅವರು ಹಾಗೇ ಹೋಗ್ತಿದ್ದಿದ್ದು."

ಓರೆ ಮಾಡಿದ ಮೇಲೆ ಮುಚ್ಚಳ ಕೂತಿತು. ನೋಡುವವರು ಇನ್ನೂ ಇದ್ದಾರೆ ಎಂದು ಮತ್ತೆ ತೆಗೆಸಿದಳು.

ಪೆಟ್ಟಿಗೆ ಇಟ್ಟಿದ್ದು ಅವನದೇ ತಾಲೀಮು ಕೋಣೆಯ ನೀಲಿ ಹಾಸಿನ ಮೇಲೆ. ಆ ಹಾಸಿನ ಮೇಲೆ ಚಪ್ಪಲಿ ಬೀಳಕೂಡದು ಎಂಬುದು ಅವನ ಕಾನೂನು. ಹಾಗಾಗಿ ದೊಡ್ಡವರು ಸಣ್ಣವರು ಎಲ್ಲ ಬಾಗಿಲಲ್ಲೇ ಬೂಟು ಕಳಚಿ ಬಂದಿದ್ದರು. ಒಬ್ಬ ನಿರ್ಮಾಪಕರ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ನೋಡಿ ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ಅಪ್ಪನಿಗೆ ಹೇಳಬೇಕು ಎಂದುಕೊಂಡಳು, ಆಮೇಲೆ ನೆನಪಾಯಿತು.

"ನಲವತ್ತಮೂರು ಸಿನಿಮಾ," ಎಂದ ಫೈಟ್ ಮಾಸ್ಟರ್. "ನಲವತ್ತೊಂದರಲ್ಲಿ ಸತ್ತ."

"ಇನ್ನೆರಡರಲ್ಲಿ?" ಯಾರೋ ಕೇಳಿದರು.

"ಒಂದ್ರಲ್ಲಿ ಜೈಲಿಗೆ ಹೋದ. ಇನ್ನೊಂದ್ರಲ್ಲಿ ಸಾಯೋ ಸೀನೇ ಕತ್ತರಿಸಿಬಿಟ್ರು, ಬದುಕ್ಕೊಂಡ."

ಎಲ್ಲರೂ ನಕ್ಕರು. ಆ ನಗುವಿನ ಮಧ್ಯೆ ಬಾಗಿಲಲ್ಲಿ ಒಬ್ಬ ಬೂಟಿನ ದಾರ ಬಿಚ್ಚಲು ಒದ್ದಾಡುತ್ತಿದ್ದ. ಬಲಗೈ ಮೊಣಕೈಯಲ್ಲೇ ಬಾಗಿ ನಿಂತಿತ್ತು, ನೆಟ್ಟಗಾಗುತ್ತಿರಲಿಲ್ಲ. ಹೆಂಡತಿ ಮುಖ ನೋಡುವ ಮೊದಲೇ ಕೈ ನೋಡಿ ಅವನನ್ನು ಗುರುತಿಸಿದಳು. ಮೂವತ್ತು ವರ್ಷ ಈ ಮನುಷ್ಯನ ದಾರಿ ಕಾದಿದ್ದವನು ಈಗ ಪೆಟ್ಟಿಗೆಯಲ್ಲಿ ಮಲಗಿದ್ದ.

*

ಮೂವತ್ತು ವರ್ಷದ ಹಿಂದೆ, ಕಾದಾಟದ ಕಣದಲ್ಲಿ ಗಂಡನಿಗೆ ಇದ್ದ ಹೆಸರು ಇಕ್ಕಳ. ಗುದ್ದು, ಒದೆ, ಕುಸ್ತಿ ಎಲ್ಲ ಕಲಸಿದ ಆಟ ಅವನದು, ಸುತ್ತ ತಂತಿ ಬಲೆ. ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ: ಎದುರಾಳಿಯ ಕೈ ಸಿಕ್ಕರೆ ಮಡಚಿ ಹಿಡಿಯುವುದು. ಹಿಡಿತಕ್ಕೆ ಸಿಕ್ಕವನು ಎರಡು ಸಲ ತಟ್ಟಿದರೆ ಸೋತೆ ಎಂದರ್ಥ. ತಟ್ಟಿದ ಕೂಡಲೇ ಬಿಡಬೇಕು.

ಕೊನೆಯ ಆಟದಲ್ಲಿ ಎದುರಾಳಿಯ ಮೊಣಕೈ ಮುರಿಯಿತು. "ನಾನು ತಟ್ಟಿದೆ, ಅವನು ಬಿಡಲಿಲ್ಲ" ಎಂದು ಅವನು ಆಸ್ಪತ್ರೆಯಿಂದ ಹೇಳಿದ್ದು ಮರುದಿನ ಪತ್ರಿಕೆಯಲ್ಲಿ ಬಂತು. ಇಕ್ಕಳನಿಗೆ ಅವನು ತಟ್ಟಿದ ನೆನಪೇ ಇರಲಿಲ್ಲ. ಗದ್ದಲದಲ್ಲಿ ಗೊತ್ತಾಗಲಿಲ್ಲವೇನೋ ಎಂದು ತನ್ನ ಕೈಗಳನ್ನೇ ನೋಡುತ್ತ ಕೂತ. ಕ್ಷಮೆ ಕೇಳಲು ಹೋದರೆ ಒಳಗೇ ಬಿಡಲಿಲ್ಲ. ಇಕ್ಕಳ ಮತ್ತೆ ಬಲೆಯೊಳಗೆ ಕಾಲಿಡಲಿಲ್ಲ.

ಫೈಟ್ ಮಾಸ್ಟರ್ ಅವನನ್ನು ಸಿನಿಮಾದಲ್ಲಿ ವಿಲನ್ ಮಾಡಲು ಕರೆದುಕೊಂಡು ಹೋದ. ಮೊದಲ ದಿನ ನಾಯಕನ ಕುತ್ತಿಗೆ ಹಿಡಿಯಬೇಕಿತ್ತು. ನಾಯಕ ಉಸಿರು ಕಟ್ಟಿದಂತೆ ನಟಿಸುತ್ತ ಕೈ ಬಡಿದ. ಇಕ್ಕಳ ಥಟ್ಟನೆ ಬಿಟ್ಟು, "ನೋವಾಯ್ತಾ ಸಾರ್?" ಎಂದ. ಹನ್ನೆರಡು ಸಲ ತೆಗೆದರು, ಹನ್ನೆರಡು ಸಲವೂ ಅದೇ.

"ಇವನೇನು ವಿಲನ್ನೋ ನರ್ಸೋ?" ಎಂದು ನಿರ್ದೇಶಕ ತಲೆ ಚಚ್ಚಿಕೊಂಡ.

ನಾಯಕ ಮಾತ್ರ, ಮುಂದಿನ ಸಿನಿಮಾಕ್ಕೂ ಇವನೇ ಬೇಕೆಂದ. ಇವನ ಕೈಗೆ ಕುತ್ತಿಗೆ ಕೊಟ್ಟು ನಿದ್ದೆ ಮಾಡಬಹುದಂತೆ! ಫೈಟ್ ಮಾಸ್ಟರ್ ಅದನ್ನೇ ತನ್ನ ಹುಡುಗರಿಗೆಲ್ಲ ಪಾಠ ಮಾಡಿದ: ಯಾರು ತಟ್ಟಿದರೂ, ಏನನ್ನು ತಟ್ಟಿದರೂ, ಎರಡು ಸಲ ಕೇಳಿಸಿತೋ, ಬಿಡಿ. ಮನೆಯಲ್ಲಿಯೂ ಅದೇ ಜಾರಿಗೆ ಬಂತು. ಜಗಳ ಅತಿಯಾದರೆ ಹೆಂಡತಿ ಮೇಜು ತಟ್ಟುತ್ತಿದ್ದಳು, ಅವನು ಬಾಯಿ ಮುಚ್ಚುತ್ತಿದ್ದ. ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು ಬೆನ್ನಿಗೆ ಎರಡು ಸಲ ತಟ್ಟಿಯೇ ಕಳಿಸುತ್ತಿದ್ದಳು.

"ಬೆಳಿಗ್ಗೆ ಸತ್ತು ಸಂಜೆ ಮನೇಗೆ ಬಂದು ಊಟ ಮಾಡೋ ನೌಕರಿ ಯಾರಿಗೆ ಸಿಗತ್ತೆ ಹೇಳು?" ಎನ್ನುತ್ತಿದ್ದ. ಅವನು ಸುಖವಾಗಿದ್ದ, ಅದರಲ್ಲಿ ಅನುಮಾನವಿಲ್ಲ. ನಿದ್ದೆಯಲ್ಲಿ ಮಾತ್ರ ಕೈ ಬಿಗಿಯುವುದು, ಬಿಚ್ಚುವುದು, ಮತ್ತೆ ಬಿಗಿಯುವುದು.

*

"ನಾನೀಗ ಡ್ರೈವಿಂಗ್ ಮೇಷ್ಟ್ರು," ಎಂದ ಬಂದವನು, ಯಾರೂ ಕೇಳದಿದ್ದರೂ. "ಪಕ್ಕದ ಸೀಟಿಂದ ಗೇರ್ ಹಾಕೋಕೆ ಈ ಕೈ ಸಾಕಾಗತ್ತೆ."

"ಅಮ್ಮ, ಇವರು ಯಾಕೆ ಬಂದ್ರು? ಅಪ್ಪ ಇದ್ದಾಗ ಬಾರದವರು," ಎಂದಳು ಮಗಳು.

"ಸುಮ್ನಿರು." ಹೆಂಡತಿ ಎದ್ದು ನಿಂತಳು. "ನೀವು ಬಂದ್ರೆ ಒಂದು ಮಾತು ಹೇಳು ಅಂದಿದ್ರು. ಕ್ಷಮಿಸಬೇಕಂತೆ. ನೀವು ತಟ್ಟಿದ್ದು ಅವರಿಗೆ..."

"ಹೇಳ್ಬೇಡಿ ಅಕ್ಕಾ." ಅವನು ಡೊಂಕು ಮೊಣಕೈ ಹಿಡಿದುಕೊಂಡ. "ನಾನು ತಟ್ಟಲೇ ಇಲ್ಲ."

ಮುಚ್ಚಳ ಹಿಡಿದು ನಿಂತಿದ್ದ ಫೈಟ್ ಮಾಸ್ಟರ್ ಅದನ್ನು ಕೆಳಗಿಟ್ಟ.

"ಸೋತೆ ಅನ್ನೋಕೆ ನಾಚಿಕೆ. ಮುರಿದ್ರೆ ಮುರೀಲಿ ಅಂತ ಹಟ ಹಿಡಿದೆ. ಮುರೀತು. ಹಟದಿಂದ ಕೈ ಕಳ್ಕೊಂಡೆ ಅಂದ್ರೆ ಜನ ನಗ್ತಾರಲ್ಲ, ಸುಳ್ಳು ಹೇಳ್ದೆ. ಇವರ ಸಿನಿಮಾ ಒಂದೂ ಬಿಟ್ಟಿಲ್ಲ. ಎಲ್ಲದ್ರಲ್ಲೂ ಏಟು ತಿಂತಿದ್ರು. ಯಾವ ಮುಖ ಇಟ್ಕೊಂಡು ಬರಲಿ?"

ಅವಳಿಗೆ ಕೆಂಡದಂಥ ಸಿಟ್ಟು ಬಂತು. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿ ಗಂಡನ ಆ ಕೈಗಳನ್ನು ನೋಡಿದವಳು ಅವಳು. ಬಂದವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಗಂಡನ ಅದೇ ಕೈಗಳು ಹಸುಗೂಸನ್ನು ಹಿಡಿದಿದ್ದೂ ನೆನಪಾಯಿತು, ಮಗು ಮಿಸುಕಿದರೆ ಸಾಕು ಸಡಿಲವಾಗುತ್ತಿದ್ದದ್ದು. ಈ ಹಾಳು ಸುಳ್ಳು ಇಲ್ಲದಿದ್ದರೆ ಅವನು ಆ ಬಲೆಯೊಳಗೇ ಇರುತ್ತಿದ್ದ, ಅಲ್ಲಿ ಬಿದ್ದವನು ಸಂಜೆ ಎದ್ದು ಊಟಕ್ಕೆ ಬರುವ ಭರವಸೆ ಇರಲಿಲ್ಲ.

ಪೆಟ್ಟಿಗೆಯ ಪಕ್ಕ ಮಂಡಿಯೂರಿ ಗಂಡನ ಕಿವಿಯ ಹತ್ತಿರ ಬಾಗಿದಳು.

"ಕೇಳಿಸ್ತಾ? ನಿಮ್ಮದೇನೂ ತಪ್ಪಿರ್ಲಿಲ್ಲ. ನಿಮ್ಮ ಕೈ ಸರಿಯಾಗೇ ಇತ್ತು," ಎಂದಳು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಡ್ರೈವಿಂಗ್ ಮೇಷ್ಟ್ರ ಕಡೆ ತಿರುಗಿದಳು.

"ಹೊರೋಕೆ ಒಬ್ಬರು ಕಡಿಮೆ ಇದ್ದಾರೆ."

"ನನ್ನ ಕೈ ನೆಟ್ಟಗಾಗಲ್ಲ ಅಕ್ಕಾ."

"ಹೊರೋಕೆ ನೆಟ್ಟಗಿನ ಕೈ ಯಾಕೆ? ಮೂವತ್ತು ವರ್ಷ ಅವರು ನಿಮ್ಮನ್ನ ಹೊತ್ತಿದ್ದಾರೆ. ಬಾಗಿಲವರೆಗಾದ್ರೂ ನೀವು ಅವರನ್ನ ಹೊರಿ."

ಮುಚ್ಚಳ ಕೂತಿತು. ಫೈಟ್ ಮಾಸ್ಟರ್, ಅವನ ನಾಲ್ಕು ಹುಡುಗರು, ಡ್ರೈವಿಂಗ್ ಮೇಷ್ಟ್ರು, ಆರು ಜನ ಪಕ್ಕದ ಹಿಡಿಕೆಗಳನ್ನು ಹಿಡಿದು ಎತ್ತಿದರು. ಹಾಸಿನ ಅಂಚಿನವರೆಗೆ ಬಂದರು. ಅಲ್ಲಿಂದಾಚೆ ಬಾಗಿಲು. ಅಲ್ಲಿ ನಿಂತಿದ್ದ ಹೆಂಡತಿ, ಯೋಚಿಸದೆ, ದಿನಾ ಬೆಳಿಗ್ಗೆ ತಟ್ಟುತ್ತಿದ್ದ ಹಾಗೆಯೇ ಪೆಟ್ಟಿಗೆಯ ಮೇಲೆ ಎರಡು ಸಲ ತಟ್ಟಿದಳು.

ಐವರ ಕೈಗಳೂ ಥಟ್ಟನೆ ಬಿಟ್ಟವು. ಪೆಟ್ಟಿಗೆ ಧೊಪ್ಪೆಂದು ನೀಲಿ ಹಾಸಿನ ಮೇಲೆ ಕೂತಿತು. ಒಂದು ಮೂಲೆ ಮಾತ್ರ ಮೇಲೇ ಉಳಿದಿತ್ತು. ಅಲ್ಲಿ ಡ್ರೈವಿಂಗ್ ಮೇಷ್ಟ್ರು ಹಲ್ಲು ಕಚ್ಚಿ, ಆ ಡೊಂಕು ಮೊಣಕೈಯಲ್ಲಿ ಹಿಡಿಕೆ ಸಿಕ್ಕಿಸಿಕೊಂಡು, ಬಿಡದೆ ನಿಂತಿದ್ದ.