ಮಾತಾಡೋ ಹಾಗೇ

ರಾತ್ರಿ ಹನ್ನೊಂದೂವರೆಗೆ ಮೊಬೈಲ್ ಟಿಂಗ್ ಎಂದಿತು. ತುಮಕೂರಿನ ಮರಳೂರು ಬಡಾವಣೆಯ ನನ್ನ ಬಾಡಿಗೆ ಕೋಣೆಗೆ ಅಷ್ಟು ಹೊತ್ತಿನಲ್ಲಿ ಸಂದೇಶ ಕಳಿಸುವವರು ಯಾರೂ ಇಲ್ಲ. ಆ ಸದ್ದು ಬಂದರೆ ಅದು ಆಫೀಸಿನದೇ.

ನಮ್ಮದು ಬೋರ್‌ವೆಲ್ ಮೋಟಾರು, ಪಂಪಿನ ಬಿಡಿಭಾಗಗಳನ್ನು ಮಾರುವ ಕಂಪನಿ. ತುಮಕೂರಿನಲ್ಲಿ ಮುಖ್ಯ ಕಚೇರಿ, ಗುಬ್ಬಿಯಲ್ಲಿ ಗೋಡೌನು, ಕುಣಿಗಲ್ಲಿನಲ್ಲಿ ಒಂದು ಶಾಖೆ. ಮೂರೂ ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ.

ಮೇಲ್ ಬರೆದಿದ್ದವರು ಮ್ಯಾನೇಜರ್ ತಿಮ್ಮೇಶ್. ಕುಣಿಗಲ್ ಶಾಖೆಯ ಗುಮಾಸ್ತ ಸಿದ್ದಗಂಗಯ್ಯನವರಿಗೆ ನೋಟಿಸ್, ನನಗೊಂದು ಪ್ರತಿ. ಹನ್ನೊಂದು ದಿನಗಳಿಂದ ಯಾವ ಮೇಲ್‌ಗೂ ಉತ್ತರವಿಲ್ಲ, ಸ್ಟಾಕ್ ಪಟ್ಟಿಯೂ ಇಲ್ಲ. ಮೇಲ್ ಬರುತ್ತಿಲ್ಲ ಎಂಬ ನೆಪ ಸುಳ್ಳು. ಸೋಮವಾರದೊಳಗೆ ಸಮಜಾಯಿಷಿ ಕೊಡದಿದ್ದರೆ ಶಾಖೆಯಿಂದ ತೆಗೆಯಲಾಗುವುದು. ಸುಳ್ಳು ಎನ್ನುವುದಕ್ಕೆ ಆಧಾರವಾಗಿ ದೂರಿನ ದಾಖಲೆಯಿಂದ ನನ್ನದೇ ಸಾಲನ್ನು ಕೆಳಗೆ ಅಂಟಿಸಿದ್ದರು: ‘ಕುಣಿಗಲ್: ಪರೀಕ್ಷಿಸಿದೆ. ಲೈನ್ ಸರಿ ಇದೆ. ವಾಣಿಶ್ರೀ.’

ಮೇಲ್ ಬರುತ್ತಿಲ್ಲ ಎನ್ನುವವರಿಗೆ ಮೇಲ್‌ನಲ್ಲೇ ನೋಟಿಸ್. ನಗು ಬರಲಿಲ್ಲ. ಸಿದ್ದಗಂಗಯ್ಯನವರು ನನಗೆ ಎರಡು ಸಲ ಫೋನ್ ಮಾಡಿದ್ದರು. ಎರಡು ಸಲವೂ ನಾನು ತುಮಕೂರಿನಲ್ಲಿ ಕುಳಿತೇ ಅವರ ಕಂಪ್ಯೂಟರಿನ ನೆಟ್‌ವರ್ಕ್ ಸಂಖ್ಯೆ ಹಾಕಿ ನೋಡಿದ್ದೆ. ಅದು ಉತ್ತರ ಕೊಟ್ಟಿತ್ತು. ಅದರಲ್ಲಿ ಸರ್ವರಿನ ಹೆಸರು ಸರಿಯಾಗಿದೆಯೇ ಎಂದು ನೋಡಿರಲಿಲ್ಲ.

ನೆಟ್‌ವರ್ಕಿಗೆ ಗೊತ್ತಿರುವುದು ಸಂಖ್ಯೆಗಳು ಮಾತ್ರ. ಹೆಸರು ಇಟ್ಟುಕೊಂಡಿರುವುದು ನಮ್ಮ ಅನುಕೂಲಕ್ಕೆ. ಮೇಲ್ ಪ್ರೋಗ್ರಾಂ ಪ್ರತಿ ಸಲವೂ ಇನ್ನೊಂದು ಯಂತ್ರವನ್ನು ಕೇಳುತ್ತದೆ: ಈ ಹೆಸರಿನ ಸರ್ವರ್ ಎಲ್ಲಿದೆ? ಒಂದಕ್ಷರ ತಪ್ಪಿದರೂ ಸಿಗುವ ಉತ್ತರ, ಆ ಹೆಸರಿನವರು ಯಾರೂ ಇಲ್ಲ.

ಹನ್ನೆರಡು ದಿನಗಳ ಹಿಂದೆ ನಾನೇ ನಮ್ಮ ಮೇಲ್ ಸರ್ವರಿನ ಹೆಸರು ಬದಲಿಸಿದ್ದೆ. “ಊರಿನ ಸ್ಪೆಲಿಂಗೇ ಬದಲಾಗಿ ಎಷ್ಟು ವರ್ಷ ಆಯ್ತು ಕಣ್ರೀ, ನಿಮ್ ಸರ್ವರ್ ಇನ್ನೂ ಟುಮ್ಕೂರಲ್ಲೇ ಕೂತದಲ್ಲ” ಎಂದು ತಿಮ್ಮೇಶ್ ರೇಗಿಸಿದ್ದರು. ಗುಬ್ಬಿಗೆ ಹೋಗಿ ಎಲ್ಲ ಕಂಪ್ಯೂಟರುಗಳಲ್ಲೂ ಹೊಸ ಹೆಸರು ಹಾಕಿ ಬಂದೆ. ಕುಣಿಗಲ್ಲಿನಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದಕ್ಕಾಗಿ ಯಾಕೆ ಬಸ್ಸು ಹತ್ತುವುದು ಎಂದು ಫೋನಿನಲ್ಲೇ ಹೇಳಿಕೊಟ್ಟಿದ್ದೆ.

ಮರುದಿನ ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಯಾರಿಗೂ ತಿಳಿಸಬೇಕಾಗಿರಲಿಲ್ಲ, ಕೇಳುವವರೂ ಇರಲಿಲ್ಲ.

ಸಿದ್ದಗಂಗಯ್ಯನವರಿಗೆ ಐವತ್ತೇಳು. ಶಟರ್ ಎತ್ತಿ, ಗುಡಿಸಿ, ಆಗಲೇ ಕಂಪ್ಯೂಟರ್ ಮುಂದೆ ಕುಳಿತಿದ್ದರು.

“ಓಹೋ, ವಾಣಮ್ಮ! ಲೈನ್ ಸರಿ ಐತಲ್ಲ, ಇನ್ಯಾಕವ್ವ ಬಂದೆ?” ಎಂದು ನಕ್ಕರು.

ನೋಟಿಸಿನ ವಿಷಯ ಅವರಿಗೆ ಇನ್ನೂ ಗೊತ್ತಿಲ್ಲ. ನಾನು ಕಣ್ಣು ತಪ್ಪಿಸಿ ಪರದೆ ನೋಡಿದೆ. ಹಳೆಯ ಮೇಲ್‌ಗಳು ಸಾಲಾಗಿ ಕಾಣುತ್ತಿದ್ದವು, ಹೊಸದು ಒಂದೂ ಇರಲಿಲ್ಲ. ಹೊರಹೋಗಬೇಕಾದ ಮೇಲ್‌ಗಳ ಪೆಟ್ಟಿಗೆ ತೆರೆದೆ. ದಿನಕ್ಕೊಂದರಂತೆ ಸ್ಟಾಕ್ ಪಟ್ಟಿಗಳು ಅಲ್ಲೇ ನಿಂತಿದ್ದವು. ಒಂದೊಂದೂ ಬೆಳಿಗ್ಗೆ ಒಂಬತ್ತೂಕಾಲಿನ ಹೊತ್ತಿಗೆ ಕಳಿಸಿದ್ದು.

ಸೆಟ್ಟಿಂಗ್ ತೆರೆದೆ. ಸರ್ವರಿನ ಹೆಸರಿನಲ್ಲಿ ತುಮಕೂರು ಇತ್ತು. ಕೆ ಆದ ಮೇಲೆ ಒಂದು ಯು ಇರಬೇಕಾದ ಕಡೆ ಎರಡು ಓ.

“ಇದೇನ್ ಸರ್, ಎರಡು ಓ?”

“ದೀರ್ಘ ಅಲ್ವೇನಮ್ಮ? ಕೂ... ತುಮಕೂರು. ಮೇಷ್ಟ್ರ ಮಗ ಕಣಮ್ಮ ನಾನು. ದೀರ್ಘ ಬುಟ್ರೆ ನಮ್ಮಪ್ಪ ಬೆರಳ ಗಿಣ್ಣಿನ ಮೇಲೆ ಬಾರಿಸೋರು.” ಮೆಲ್ಲಗೆ ಸೇರಿಸಿದರು: “ಅಕ್ಷರ ಅಕ್ಷರ ಹೇಳಮ್ಮ, ಬರ್ಕೋತೀನಿ ಅಂದೆ ನಾನು. ನೀನೇ ಅಂದೆ, ಏನಿಲ್ಲ ಸರ್, ಮಾತಾಡೋ ಹಾಗೇ ಟೈಪ್ ಮಾಡಿ ಅಂತ.”

ಅಂದಿದ್ದೆ. ಅವತ್ತು ನನಗೆ ಬೇರೆ ಯಾವ ಅವಸರವೂ ಇರಲಿಲ್ಲ ಎಂಬುದೂ ನೆನಪಾಯಿತು. ಆ ಫೋನ್ ಇಟ್ಟ ಮೇಲೆ ಸಂಜೆಯವರೆಗೆ ಸುಮ್ಮನೆ ಕುಳಿತಿದ್ದೆ.

ಎರಡು ಓ ಅಳಿಸಿ ಯು ಹಾಕಿದೆ. ಸ್ಟಾಕ್ ಪಟ್ಟಿಗಳೆಲ್ಲ ಒಂದರ ಹಿಂದೊಂದು ಹೊರಟವು. ಒಳಗೆ ಬರುವವು ಬರತೊಡಗಿದವು. ಕೊನೆಯದಾಗಿ ಬಂದು ಎಲ್ಲಕ್ಕಿಂತ ಮೇಲೆ ಕುಳಿತದ್ದು ನೋಟಿಸ್. ಅವರು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದರು. ನನ್ನ ಸಾಲಿನ ಹತ್ತಿರ ಬಂದಾಗ ಕರ್ಸರ್ ಸ್ವಲ್ಪ ಹೊತ್ತು ನಿಂತಿತು.

ಅಷ್ಟರಲ್ಲಿ ನನ್ನ ಫೋನಿಗೆ ತಿಮ್ಮೇಶ್ ಕರೆ ಮಾಡಿದರು. “ಏನ್ರೀ ಇದು, ಒಂದೇ ಸಲ ಹನ್ನೊಂದು ಪಟ್ಟಿ ಬಂದು ಬಿದ್ದವೆ?”

“ದಿನಾ ಕಳಿಸಿದಾರೆ ಸರ್, ಹೋಗಿಲ್ಲ ಅಷ್ಟೆ. ಸರ್ವರ್ ಹೆಸರಿನ ಸ್ಪೆಲಿಂಗ್ ತಪ್ಪಿತ್ತು.”

“ಟೈಪ್ ಮಾಡಿದ್ಯಾರು?”

ಸಿದ್ದಗಂಗಯ್ಯನವರು ಮೇಜಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದರು. ಅದೊಂದೇ ಕೋಣೆ, ತಿಮ್ಮೇಶರ ಗಂಟಲು ಫೋನಿನ ಹೊರಗೂ ಕೇಳುತ್ತದೆ. ನನ್ನ ಕೆಲಸ ಖಾಯಂ ಆಗಲು ಇನ್ನೂ ಎರಡು ತಿಂಗಳಿತ್ತು.

“ಅವರೇ, ಸರ್.”

ಇದು ಸುಳ್ಳಲ್ಲ. ಹೇಳಿಕೊಟ್ಟವಳು ನಾನು ಎಂಬ ಮುಂದಿನ ಮಾತನ್ನು ಹೇಳಲು ಬಾಯಿ ತೆರೆದೆ. ಆ ಕಡೆ ತಿಮ್ಮೇಶ್ ನಗುತ್ತಿದ್ದರು. “ಊರಿನ ಸ್ಪೆಲಿಂಗೇ ಬರಲ್ವಾ ಮಾರಾಯಂಗೆ? ಹೋಗ್ಲಿ, ನೋಟಿಸ್ ವಾಪಸ್ ತಗೋತೀನಿ. ಆದ್ರೆ ಕಂಪ್ಯೂಟರ್ ಮುಂದೆ ಕೂರೋ ಆಸಾಮಿ ಅಲ್ಲ ಅದು. ಗುಬ್ಬಿ ಗೋಡೌನಿಗೆ ಹಾಕ್ತೀನಿ, ಪೈಪ್ ಎಣಿಸ್ಲಿ. ನೀವು ರಿಪೋರ್ಟ್ ಕಳಿಸಿ.”

ಸಿದ್ದಗಂಗಯ್ಯನವರ ಮನೆ ಶಾಖೆಯಿಂದ ಹತ್ತು ನಿಮಿಷದ ದಾರಿ. ಗುಬ್ಬಿಗೆ ಎರಡು ಬಸ್ಸು ಹತ್ತಬೇಕು, ಬರುವಾಗ ಮತ್ತೆರಡು.

ಅವರು ಎದ್ದು ಬಾಗಿಲಿಗೆ ಹೋಗಿ ಎದುರಿನ ಅಂಗಡಿಗೆ ಕೂಗಿದರು, “ಒಂದ್ ಟೀ ಕೊಡಪ್ಪಾ, ಮೇಡಮ್ಮೋರಿಗೆ.” ಬೆಳಿಗ್ಗೆ ನಾನು ವಾಣಮ್ಮ ಆಗಿದ್ದೆ. ಅವರು ತಮಗೆ ಟೀ ಹೇಳಲಿಲ್ಲ.

ನಾನು ಕುಡಿದು ಮುಗಿಸುವವರೆಗೂ ರಸ್ತೆಯ ಕಡೆ ನೋಡುತ್ತಾ ನಿಂತಿದ್ದರು. ಹೊರಡುವಾಗ ಕೈ ಮುಗಿದರು. ಅವರೊಮ್ಮೆ ಬೈದಿದ್ದರೆ ನಾನು ಅಲ್ಲೇ ತಿಮ್ಮೇಶ್‌ಗೆ ಫೋನ್ ಮಾಡುತ್ತಿದ್ದೆನೇನೋ. ಖಂಡಿತ ಎಂದು ಹೇಳಲಾರೆ.

ತುಮಕೂರಿನ ಖಾಲಿ ಕಚೇರಿಗೆ ಬಂದು ರಿಪೋರ್ಟ್ ತೆರೆದೆ. ‘ಕಾರಣ’ ಎಂಬ ಕಡೆ ಬರೆದೆ: ಸರ್ವರ್ ಹೆಸರನ್ನು ಫೋನಿನಲ್ಲಿ ತಪ್ಪಾಗಿ ಹೇಳಲಾಗಿತ್ತು. ಓದಿದೆ. ಅಳಿಸಿದೆ. ಸರ್ವರ್ ಹೆಸರು ತಪ್ಪಾಗಿ ನಮೂದಾಗಿತ್ತು, ಸರಿಪಡಿಸಲಾಗಿದೆ ಎಂದು ಬರೆದೆ. ಈ ವಾಕ್ಯದಲ್ಲಿ ಯಾರೂ ಇರಲಿಲ್ಲ. ತಿಮ್ಮೇಶ್ ಕೇಳಿದರೆ ಇಷ್ಟೇ ಹೇಳುವುದು, ಊರಿನಿಂದ ಅಮ್ಮ ಫೋನ್ ಮಾಡಿದರೆ ಇವತ್ತು ಕುಣಿಗಲ್ಲಿಗೆ ಹೋಗಿದ್ದೆ ಎಂದಷ್ಟೇ ಹೇಳುವುದು, ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ ಕಳಿಸುವ ಗುಂಡಿ ಒತ್ತಿದೆ.