ಸವತಿ ಬೇರು

ದೊಡ್ಡಮ್ಮನ ಮನೆಯಲ್ಲಿ ಎಲ್ಲ ಬಾಟಲಿಗಳೂ ಒಂದೇ ತರಹ. ಪ್ಲಾಸ್ಟಿಕ್ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಯಾರೋ ಎಸೆದ ಗಾಜಿನ ಬಾಟಲಿಗಳನ್ನು ಹೆಕ್ಕಿ ತಂದು, ಬೂದಿ ಹಾಕಿ ತಿಕ್ಕಿ, ಉಪ್ಪು, ಸಕ್ಕರೆ, ಬೇರಿನ ಪುಡಿ ಎಲ್ಲವನ್ನೂ ಅದರಲ್ಲೇ ತುಂಬಿಡುತ್ತಾಳೆ. ಚೀಟಿ ಅಂಟಿಸೋಣ ಎಂದರೆ, "ನಿನ್ನ ನಾಲಿಗೆ ಏನು ಬಾಡಿಗೆಗೆ ಹೋಗಿದ್ಯಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ.

ಬಟ್ಟೆ ಅಂಗಡಿಯ ಕೆಲಸ ಬಿಟ್ಟು ನಾನು ಅವಳ ಹತ್ತಿರ ಬೇರಿನ ಮದ್ದು ಕಲಿಯಲು ಹೊರಟಾಗ ಮನೆಮಂದಿಯೆಲ್ಲ "ಇನ್ನು ಮೇಲೆ ನೀನು ಬೇರಮ್ಮ" ಎಂದು ನಕ್ಕಿದ್ದರು. ನಗಲಿ, ನಕ್ಕರೆ ನನ್ನ ಗಂಟೇನು ಹೋಗಬೇಕು. ಒಂದು ಬುಡದಲ್ಲಿ ಅರ್ಧ ಅಗೆದು ಅರ್ಧ ಮಣ್ಣಿಗೇ ಬಿಡುವುದು, ಬೇರು ತೊಳೆದ ನೀರನ್ನು ಸೊಪ್ಪಿನ ಮಡಿಗೆ ಹಾಕುವುದು, ಸೀಳಿ ನೆರಳಲ್ಲಿ ಒಣಗಿಸುವುದು, ಇದನ್ನೆಲ್ಲ ಬೈಸಿಕೊಳ್ಳುತ್ತಲೇ ಕಲಿತೆ.

ನನಗೆ ಭಯವಿದ್ದದ್ದು ಕೆಮ್ಮಿನ ಬೇರಿನದು ಮಾತ್ರ. ಎಲೆ ಉದುರಿದ ಮೇಲೆಯೇ ಅದನ್ನು ಅಗೆಯಬೇಕು. ಅದು ಬೆಳೆಯುವ ಕಾಲುವೆಯ ದಂಡೆಯಲ್ಲೇ, ಅದೇ ಬಣ್ಣದ, ಅದೇ ದಪ್ಪದ ಇನ್ನೊಂದು ಬೇರೂ ಇರುತ್ತದೆ. ದೊಡ್ಡಮ್ಮ ಅದನ್ನು ಸವತಿ ಎನ್ನುತ್ತಾಳೆ. ಸವತಿ ಹೊಟ್ಟೆಗೆ ಹೋದರೆ ಮೊದಲು ನಾಲಿಗೆ ದಪ್ಪವಾಗುತ್ತದೆ, ಆಮೇಲೆ ಕೈಕಾಲಿನ ಸ್ವಾಧೀನ ತಪ್ಪುತ್ತದೆ, ಆಮೇಲೆ ಉಸಿರು. ಎರಡನ್ನೂ ಬೇರೆ ಮಾಡಲು ರುಚಿಯೊಂದೇ ದಾರಿ. ಕೆಮ್ಮಿನ ಬೇರು ಮೊದಲು ಕಹಿ, ನಿಧಾನಕ್ಕೆ ಸಿಹಿ. ಸವತಿ ಇಟ್ಟ ಕೂಡಲೇ ಸಿಹಿ, ಆಮೇಲೆ ಜೋಮು. ಹಾಗಾಗಿ ಒಂದೊಂದು ಬೇರನ್ನೂ ನಾಲಿಗೆಯ ತುದಿಗೆ ಮುಟ್ಟಿಸಿ, ಉಗಿದು, ಬಾಯಿ ಮುಕ್ಕಳಿಸಿಯೇ ಕುಟ್ಟಲು ಹಾಕುವುದು. ಮೊದಲು ನಾನು, ಆಮೇಲೆ ಅವಳು. ನಾನು ಬಾಯಿಗಿಟ್ಟಾಗ ದೊಡ್ಡಮ್ಮ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದಳು. ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ.

ಕಳೆದ ವಾರ ಆತುರಕ್ಕೆ ಬಿಸಿ ಟೀ ಗುಟುಕರಿಸಿ ನಾಲಿಗೆ ಸುಟ್ಟುಕೊಂಡೆ. ಹೇಳಿದ್ದರೆ ನಾಲ್ಕು ಬೈದು ಮನೆಗೆ ಅಟ್ಟುತ್ತಿದ್ದಳು. ಹೇಗೂ ನನ್ನ ನಂತರ ಅವಳು ನೋಡುತ್ತಾಳಲ್ಲ ಎಂದು ಒಂದೊಂದು ಬೇರಿಗೂ ಮುಖ ಕಿವುಚಿ, ಸ್ವಲ್ಪ ತಡೆದು ತಲೆಯಾಡಿಸಿದೆ. ಅವಳೂ ಮುಟ್ಟಿಸಿಕೊಂಡು "ಹೂಂ" ಎಂದಳು. ಕುಟ್ಟಿ, ಜರಡಿ ಹಿಡಿದು, ಬಾಟಲಿಗೆ ತುಂಬಿದೆವು.

ನಿನ್ನೆ ನನ್ನ ತಂಗಿ ಬಂದು ಆ ಬಾಟಲಿ ಒಯ್ದಳು. ಹೊಲಿಗೆ ಕೆಲಸದವಳು, ಬಟ್ಟೆಯ ಧೂಳಿಗೆ ಅವಳ ಕೆಮ್ಮು ಬಿಟ್ಟೇ ಇರಲಿಲ್ಲ.

ಇವತ್ತು ಬೆಳಿಗ್ಗೆ ಟೀ ಮಾಡಿ ದೊಡ್ಡಮ್ಮನಿಗೆ ಕೊಟ್ಟು, ನನ್ನ ಲೋಟದಿಂದ ಒಂದು ಗುಟುಕು ಕುಡಿದವಳೇ ಥೂ ಎಂದು ಹಿತ್ತಲಿಗೆ ಹೋಗಿ ಉಗಿದೆ. ಸಕ್ಕರೆಗೆ ಬದಲು ಉಪ್ಪು ಸುರಿದಿದ್ದೆ. ಇನ್ನು ಸಂಜೆಯವರೆಗೂ ಬೈಗುಳ ಗ್ಯಾರಂಟಿ ಎಂದು ನಗುತ್ತ ಒಳಗೆ ಬಂದೆ. ದೊಡ್ಡಮ್ಮ ಲೋಟ ಖಾಲಿ ಮಾಡಿ ಕೆಳಗಿಡುತ್ತಿದ್ದಳು.

"ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು ಕಣೇ," ಎಂದಳು.

ನನ್ನ ನಗು ಅಲ್ಲೇ ನಿಂತಿತು.

"ದೊಡ್ಡಮ್ಮಾ, ಅದರಲ್ಲಿದ್ದದ್ದು ಉಪ್ಪು."

ಅವಳು ಸೆರಗಿನ ಅಂಚನ್ನು ಮಡಚತೊಡಗಿದಳು.

"ಯಾವಾಗಿಂದ?" ಎಂದೆ.

"ಜೀವಮಾನವೆಲ್ಲ ಬೇರು ಕಚ್ಚಿ ಕಚ್ಚಿ ನಾಲಿಗೆ ಮರಗಟ್ಟಿಹೋಗಿದೆ. ನೀನು ಬರೋಕೆ ಮುಂಚೆನೇ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬರ್ತಿದ್ಯಾ? ಯಾರಾದ್ರೂ ಒಬ್ಬರಿಗೆ ಇದೆಲ್ಲ ಕಲಿಸಿಬಿಟ್ಟು ಹೋಗಬೇಕಿತ್ತು ಕಣೇ. ನಿನ್ನ ಮುಖ ನೋಡಿದ್ರೆ ನನಗೆ ಸಾಕಾಗ್ತಿತ್ತು. ಕಹಿಗೊಂದು ಮುಖ, ಸಿಹಿಗೊಂದು ಮುಖ. ಒಂದು ಸಲವೂ ತಪ್ಪಿಲ್ಲ."

"ಕಳೆದ ವಾರ ನನ್ನ ನಾಲಿಗೆ ಸುಟ್ಟಿತ್ತು," ಎಂದೆ. "ನಾನು ನಿನ್ನ ಹೂಂ ನಂಬಿದ್ದೆ."

ಇಬ್ಬರೂ ಒಟ್ಟಿಗೇ ಗೋಡೆಯ ಮೇಲಿದ್ದ ಜರಡಿಯ ಕಡೆ ನೋಡಿದೆವು. ಇಳಿಸಿ ತಟ್ಟಿದೆ. ಬಲೆಯ ಸಂದಿಯಲ್ಲಿದ್ದ ಪುಡಿ ಅಂಗೈಗೆ ಚಿಟಿಕೆಯಷ್ಟು ಉದುರಿತು. ನಾಲಿಗೆಗೆ ಮುಟ್ಟಿಸಿಕೊಂಡೆ. ಕಹಿಯಾಗಲಿ ದೇವರೇ, ಒಂದೇ ಒಂದು ಸಲ ಕಹಿಯಾಗಲಿ ಎಂದು ಬೇಡಿಕೊಂಡೆ. ಇಟ್ಟ ಕೂಡಲೇ ಸಿಹಿಯಾಯಿತು. ಉಗಿದು ಬಾಯಿ ಮುಕ್ಕಳಿಸುವಷ್ಟರಲ್ಲಿ ತುದಿ ಜೋಮು ಹಿಡಿಯಿತು.

ಫೋನ್ ಎತ್ತಿಕೊಂಡು ನಂಬರ್ ಒತ್ತಿದೆ. ತಂಗಿ ತಡವಾಗಿ ಎತ್ತಿದಳು.

"ಈಗ ನಿನಗೇ ಫೋನ್ ಮಾಡೋಣ ಅಂತಿದ್ದೆ ಅಕ್ಕ," ಎಂದಳು. "ಈ ಸಲದ ಕಷಾಯ ಎಷ್ಟು ಚೆನ್ನಾಗಿದೆ ಅಂತೀಯ! ಚೂರೂ ಕಹಿ ಇಲ್ಲ. ಇನ್ನೊಂದು ಲೋಟ ಮಾಡ್ಕೊಂಡು ಕುಡಿದೆ."

ನಗುತ್ತಲೇ ಹೇಳಿದಳು. ಆದರೆ ಮಾತು ತೊದಲುತ್ತಿತ್ತು, ಆಗಷ್ಟೇ ಮಾತು ಕಲಿತ ಮಗುವಿನ ಹಾಗೆ.

"ಬಾಗಿಲು ತೆಗೆದಿಡು," ಎಂದು ಕಿರುಚಿದೆ. "ಪಕ್ಕದ ಮನೆಯವರನ್ನು ಕೂಗು, ಈಗಲೇ ಆಸ್ಪತ್ರೆಗೆ ಹೊರಡು. ಕೇಳಿಸ್ತಾ?"

ಆ ಕಡೆಯಿಂದ ಕುರ್ಚಿ ಸರಿದ ಸದ್ದು ಬಂತು. ಏನೋ ಭಾರವಾಗಿ ಬಿತ್ತು. ಆಮೇಲೆ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಅವಳು ಯಾವಾಗಲೂ ಹಾಕಿಡುವ ರೇಡಿಯೋ ಮಾತ್ರ ಕೇಳಿಸಿತು.

ಚಪ್ಪಲಿ ಹಾಕಿಕೊಳ್ಳದೆ ಬಾಗಿಲಿಗೆ ಓಡಿದವಳು ಒಮ್ಮೆ ತಿರುಗಿದೆ. ದೊಡ್ಡಮ್ಮ ಎಂದಿನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದಳು.