ಆನಿಯಂಥಾ ಗಂಡ

“ಬಾಯಿ ಬಿಟ್ಟು ಅಳ ಬೇ, ಮಂದಿ ನೋಡಾಕತ್ತಾರ!” ಎಂದು ಸಾವಿತ್ರೆವ್ವ ರಾಜೇಶ್ವರಿಯ ರಟ್ಟೆ ಚಿವುಟಿದಳು.

ಚಿಂಚಲಿಯ ಆ ಮನೆಯ ಅಂಗಳದಲ್ಲಿ ಬೀರದೇವ ಮಾಸ್ತರನನ್ನು ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹಣೆಗೆ ಅರಿಸಿನದ ಭಂಡಾರ, ಕೊರಳಿಗೆ ಹಾರ. ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಅವನ ದೊಡ್ಡವ್ವ ಸಾವಿತ್ರೆವ್ವನೆಂದರೆ ಸುತ್ತಲ ಊರುಗಳಿಗೆಲ್ಲ ಹೆಸರಾದ ಅಳುವಾಕೆ. ಯಾರ ಮನೆಯ ಸಾವಿಗೆ ಹೋದರೂ ರಾಗ ಎತ್ತುವವಳು ಅವಳೇ.

“ಆನಿಯಂಥಾ ಗಂಡನ್ನ ಕಳಕೊಂಡ್ಯಲ್ಲ ಯವ್ವಾ, ಹುಲಿಯಂಥಾ ಗಂಡನ್ನ ಕಳಕೊಂಡ್ಯಲ್ಲಾ...”

ಹೆಂಗಸರೆಲ್ಲ ದನಿಗೂಡಿಸಿದರು. ಹೆಂಡತಿ ರಾಜೇಶ್ವರಿ ಮಾತ್ರ ಬಾಯಿ ಬಿಡಲಿಲ್ಲ.

ಆನೆಯಂತೆ! ನಾಯಿ ಬೊಗಳಿದರೆ ಹೆಂಡತಿಯ ಹಿಂದೆ ಸರಿಯುತ್ತಿದ್ದ ಮನುಷ್ಯ. ಅವನ ಎದುರಿಗೇ ಈ ಸುಳ್ಳನ್ನು ಹೇಗೆ ಹಾಡುವುದು?

“ಕಣ್ಣಾಗ ಒಂದ್ ಹನಿ ನೀರಿಲ್ಲ ನೋಡವಾ. ಎಂಥಾ ಕಲ್ಲೆದಿ!” ಎಂದು ನೆರೆಮನೆಯ ಗಂಗೂಬಾಯಿ ಅಂದದ್ದು ಅವಳ ಕಿವಿಗೂ ಬಿತ್ತು.

*

ಹೋದ ವರ್ಷ ಗಂಡ ಮರೆತುಹೋಗಿದ್ದ ಬುತ್ತಿ ಕೊಡಲು ಅವಳು ಶಾಲೆಗೆ ಹೋಗಿದ್ದಳು. ಸಣ್ಣ ಮಕ್ಕಳ ಇಂಗ್ಲಿಷ್ ಪಾಠ ನಡೆದಿತ್ತು.

“ಆ್ಯಸ್ ವೈಟ್ ಆ್ಯಸ್ ಸ್ನೋ!” ಎಂದು ಮಕ್ಕಳು ಒದರಿದರು.

“ಸ್ನೋ ಅಂದ್ರ ಬರ್ಫ. ಬರ್ಫ ಬೀಳೂದು ಯಾರರ ನೋಡೀರೇನ್ಲೇ?”

“ಇಲ್ರೀ ಸರ್!”

“ಮತ್ತ ಸುಳ್ಳ ಯಾಕ ಹೇಳ್ತೀರಿ? ಕಣ್ಣಾರೆ ಕಂಡದ್ದನ್ನ ಹೇಳ್ರಿ.”

ನೀಲಮ ಎಂಬ ಹುಡುಗಿ ಎದ್ದು ನಿಂತಳು. “ಆ್ಯಸ್ ವೈಟ್ ಆ್ಯಸ್... ನಮ್ಮ ಆಡಿನ ಮರಿ!”

“ಶಾಬ್ಬಾಸ್! ಇದು ಖರೇ ಹೋಲಿಕಿ!”

ಅಂದು ಸಂಜೆ ರಾಜೇಶ್ವರಿ ಕೇಳಿಯೇ ಬಿಟ್ಟಳು: “ನಾ ಎದರಂಗ ಅದೀನ್ರಿ? ಹೂವಿನಂಗ?”

“ಹೂವು ಇಷ್ಟು ಜಗಳಾ ತಗ್ಯಾಂಗಿಲ್ಲ,” ಎಂದು ಅವನು ನಕ್ಕ. “ತಡಿ, ವಿಚಾರ ಮಾಡಿ ಹೇಳ್ತೀನಿ.”

ಆಮೇಲೆ ಎಷ್ಟೋ ಸಲ ಕೇಳಿದಳು. ಅವನು ಪ್ರತಿಸಲವೂ ಅವಳ ಮುಖವನ್ನೇ ನೋಡುತ್ತ, ಇನ್ನೂ ಸಿಕ್ಕಿಲ್ಲ ಅನ್ನುತ್ತಿದ್ದ.

*

“ಹೊತ್ತಾತು, ಎತ್ತೂಣು ನಡೀರಿ,” ಎಂದು ಮೈದುನ ಜಕ್ಕಪ್ಪ ಬಗ್ಗಿದ.

“ನಿಂದರೋ!” ರಾಜೇಶ್ವರಿ ಚೀರಿ ಗಂಡನ ಮೇಲೆ ಬಿದ್ದಳು. “ಆನಿ ಅಲ್ಲವ್ವಾ ಇಂವ, ಹುಲಿ ಅಲ್ಲ! ಗುಡುಗಿದ್ರ ಕೌದಿ ಹೊಚ್ಚಿಕೊಳ್ಳಾಂವ! ಚಹಾ ಊದಿ ಊದಿ ಕುಡಿಯಾಂವ! ನಾ ಎದರಂಗ ಅದೀನಿ ಅಂತ ಹೇಳಲಾರದ ಹೊಂಟ್ಯಲ್ಲೋ! ಇನ್ನ ಯಾರ್ನ ಕೇಳ್ಲೋ!”

ಇಂಥ ಅಳುವನ್ನು ಊರು ಕೇಳಿರಲಿಲ್ಲ. ಗಂಗೂಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. ಸಾವಿತ್ರೆವ್ವ ಮೂಗು ಒರೆಸಿಕೊಂಡು, ಎಂದಿನ ಅದೇ ದೊಡ್ಡ ರಾಗದಲ್ಲಿ ಎತ್ತಿದಳು:

“ಚಹಾ ಊದಿ ಊದಿ ಕುಡಿಯಾಂವೋ, ನನ ಕಂದಾ...”

ಅಂಗಳದ ಹೆಂಗಸರೆಲ್ಲ ಎದೆ ಬಡಿದುಕೊಳ್ಳುತ್ತ ದನಿಗೂಡಿಸಿದರು. ಎತ್ತಲು ಬಗ್ಗಿದ್ದ ಜಕ್ಕಪ್ಪ ಅಣ್ಣನ ಕಾಲ ಬಳಿ ಅಲ್ಲೇ ಕುಸಿದು ಕೂತ.